ಕಲ್ಲಿನಲ್ಲಿ ಕೆತ್ತಿದ ಒಪ್ಪಂದಗಳನ್ನೂ ನೋಡಿ ಬರಲಿ

ಬೇಸಿಗೆ ರಜೆಯಲ್ಲಿ ಗ್ರೀಸ್‌ಗೆ ಹೋಗಿ ಹಳೆಯ ಮತ್ತು ಇಂದಿನ ರಾಜತಾಂತ್ರಿಕತೆಯನ್ನು ಒಟ್ಟಿಗೆ ಓದುವ ಕೋರ್ಸ್ ಬಗ್ಗೆ ಬರೆದಿದ್ದೀರಿ. ತುಂಬಾ ಖುಷಿಯಾಯಿತು. ಹೋದವರು ಅಕ್ರೊಪೊಲಿಸ್ ನೋಡಿ ಬಂದರೆ ಸಾಲದು. ಅಥೆನ್ಸ್‌ನ ಶಾಸನಗಳ ಮ್ಯೂಸಿಯಂಗೂ ಹೋಗಲಿ. ಆಗಿನ ನಗರಗಳು ಒಪ್ಪಂದಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸುತ್ತಿದ್ದವು. 'ಪ್ರಾಕ್ಸೆನೋಸ್' ಅಂತ ಒಬ್ಬ ಇರುತ್ತಿದ್ದ. ತನ್ನ ಊರಲ್ಲೇ ಇದ್ದುಕೊಂಡು ಬೇರೆ ಊರಿನವರ ಕೆಲಸ ನೋಡಿಕೊಡುವವನು. ಇವತ್ತಿನ ಗೌರವ ಕಾನ್ಸುಲ್ (ತನ್ನ ಊರಲ್ಲೇ ಇದ್ದು ಬೇರೆ ದೇಶದ ಪರವಾಗಿ ಕೆಲಸ ಮಾಡುವವರು) ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ?

ಗ್ರೀಸ್‌ನ ಇನ್ನೊಂದು ನಗರವಾದ ಸ್ಪಾರ್ಟಾದವರು ಪರ್ಷಿಯಾದ ದೂತರನ್ನು ಬಾವಿಗೆ ತಳ್ಳಿದರು ಎಂದು ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಆಮೇಲೆ ಆ ತಪ್ಪು ಅವರನ್ನೇ ಕಾಡಿತಂತೆ. ಇದನ್ನು ಓದಿ ದೇಶಗಳ ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದ ತೆರೆದರೆ, ರಾಯಭಾರಿಯನ್ನು ಬಂಧಿಸಬಾರದು ಎಂಬ ನಿಯಮ ಸುಮ್ನೆ ಬಂದದ್ದಲ್ಲ ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಕ್ರಿ.ಪೂ. 421ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾ 50 ವರ್ಷಕ್ಕೆಂದು ಮಾಡಿಕೊಂಡ ಶಾಂತಿ ಹತ್ತು ವರ್ಷವೂ ಬಾಳಲಿಲ್ಲ. ಕೊರಿಂತ್ ನಗರದಂಥ ಸ್ಪಾರ್ಟಾದ ಮಿತ್ರರೇ ಅದನ್ನು ಒಪ್ಪಿರಲಿಲ್ಲ. ಇದೊಂದರ ಮೇಲೆ ವಿದ್ಯಾರ್ಥಿಗಳಿಂದ ವಾರವಿಡೀ ಚರ್ಚೆ ಮಾಡಿಸಿ, ದಯವಿಟ್ಟು.