ದುಬಾರಿ ಕತ್ತರಿ

ದುಡ್ಡು ಉಳಿಸಲೆಂದೇ ಕೊಂಡ ಸಾಮಾನೊಂದು ನಮ್ಮ ಮನೆಯಲ್ಲಿದೆ. ಅದರ ಬೆಲೆಗೆ ಒಳ್ಳೆಯ ಫೋನೇ ಬರುತ್ತಿತ್ತು. ಪೇಪರ್ ಕಟಿಂಗ್ ಮಷಿನ್ ಅಂತ ಅದಕ್ಕೆ ಹೆಸರು. ನೋಡಲು ಪ್ರಿಂಟರ್ ಥರ. ಆದರೆ ಶಾಯಿ ಇರಬೇಕಾದ ಜಾಗದಲ್ಲಿ ಒಂದು ಪುಟಾಣಿ ಬ್ಲೇಡು. ಬ್ಲೇಡು ಎಡಕ್ಕೂ ಬಲಕ್ಕೂ ಓಡುತ್ತದೆ, ರೋಲರ್ ಕಾಗದವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಎರಡೂ ಓಟ ಕೂಡಿದರೆ ಹೂವು, ನವಿಲು, ತೇರು, ಏನು ಬೇಕೋ ಅದು.

ಇಷ್ಟನ್ನೂ ಅತ್ತೆಯವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಮನ್ಯಾಗ ಕತ್ರಿ ಇರಲಿಲ್ಲೇನು?" ಅಂದರು.

ಇದ್ದವು. ಮೂರ್ನಾಲ್ಕು ಇದ್ದವು. ಆದರೆ ಹಳೆಯ ಕಾಗದದಿಂದ ಡಬ್ಬಿ, ಅಲಂಕಾರ ಮಾಡುವಂಥ ಕಡಿಮೆ ಖರ್ಚಿನ ಹವ್ಯಾಸಗಳ ಗುಣವೇ ಹಾಗೆ, ಖರ್ಚೆಲ್ಲ ಮೊದಲೇ ಆಗಿಬಿಡುತ್ತದೆ. ಈ ಮಷಿನ್‌ಗಳ ಪೈಕಿ ಜಾಸ್ತಿ ಹೆಸರು ಮಾಡಿದ್ದು ಅಮೆರಿಕದ ಕ್ರಿಕಟ್. ಶುರುವಿನಲ್ಲಿ ಅದಕ್ಕೆ ಡಿಸೈನ್‌ಗಳು ಮಷಿನ್‌ಗೆ ಸಿಕ್ಕಿಸುವ ಕಾರ್ಟ್ರಿಜ್‌ಗಳಲ್ಲಿ ಬರುತ್ತಿದ್ದವು, ಒಂದೊಂದನ್ನೂ ದುಡ್ಡು ಕೊಟ್ಟೇ ತರಬೇಕಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ನಮ್ಮದೇ ಚಿತ್ರ ಬರೆದು ಕತ್ತರಿಸುವ ಸೌಲಭ್ಯ ಬಂತು. 2021ರ ಮಾರ್ಚ್‌ನಲ್ಲಿ ಆ ಕಂಪನಿ, ಚಂದಾ ಕಟ್ಟದವರು ತಿಂಗಳಿಗೆ 20 ಸ್ವಂತ ಚಿತ್ರ ಮಾತ್ರ ಹಾಕಬಹುದು ಅಂತ ಹೊಸ ನಿಯಮ ಸಾರಿತು. ಜನ ಎಷ್ಟು ಗಲಾಟೆ ಎಬ್ಬಿಸಿದರೆಂದರೆ ಕೆಲವೇ ದಿನಗಳಲ್ಲಿ ಕಂಪನಿ ಆ ಮಾತು ವಾಪಸ್ ತೆಗೆದುಕೊಂಡಿತು. ಉಳಿತಾಯ ಮಾಡಲು ಹೊರಟವರನ್ನು ಕೆಣಕಬಾರದು.

ನನ್ನ ಉಳಿತಾಯವೆಲ್ಲ ಲಗ್ನಪತ್ರಿಕೆಗಳಲ್ಲಿದೆ. ವಿಜಯಪುರದಲ್ಲಿ ನಾಲ್ಕು ಜನರ ಪರಿಚಯ ಇದ್ದರೆ ಸಾಕು, ಬೇಸಿಗೆ ಮುಗಿಯುವಷ್ಟರಲ್ಲಿ ಮನೆಯಲ್ಲಿ ಒಂದು ಗಂಟು ಕೂಡುತ್ತದೆ. ಮೇಲೆ ಗಣಪತಿ ಇರುತ್ತಾನಲ್ಲ, ರದ್ದಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಟ್ರಂಕಿನ ಮೇಲೆ, ಕಪಾಟಿನ ಹಿಂದೆ, ಹಾಸಿಗೆಯ ಕೆಳಗೆ ಬಿದ್ದಿರುತ್ತವೆ. ಆದರೆ ಕಾಗದ ನೋಡಿ! ಜೆರಾಕ್ಸ್ ಕಾಗದ ಎಂಬತ್ತು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಂಬತ್ತು ಗ್ರಾಂ. ಒಳ್ಳೆಯ ಲಗ್ನಪತ್ರಿಕೆ ಇನ್ನೂರೈವತ್ತು ಮುನ್ನೂರರ ತನಕ ಹೋಗುತ್ತದೆ. ಅಂಗಡಿಯಲ್ಲಿ ಇದೇ ದಪ್ಪದ ಬಣ್ಣದ ಹಾಳೆಗೆ ಒಂದೊಂದಕ್ಕೂ ದುಡ್ಡು ಎಣಿಸಬೇಕು. ಇಲ್ಲಿ ಅದನ್ನೇ ಜನ ಮನೆ ಬಾಗಿಲಿಗೆ ಬಂದು, ಅರಿಸಿನ ಕುಂಕುಮ ಹಚ್ಚಿ ಕೊಟ್ಟು, ಊಟಕ್ಕೂ ಕರೆದು ಹೋಗುತ್ತಾರೆ.

ಎಲ್ಲವೂ ಬಳಕೆಗೆ ಬರುವುದಿಲ್ಲ ಅನ್ನಿ. ಪ್ಲಾಸ್ಟಿಕ್ ಪದರ ಹಚ್ಚಿದ ಮಿರಿ ಮಿರಿ ಪತ್ರಿಕೆಗಳಿಂದ ಏನೂ ಆಗದು. ಬ್ಲೇಡು ಬಿದ್ದ ಕಡೆ ಪದರ ಬಿಟ್ಟುಕೊಂಡು ಅಂಚು ಏಳುತ್ತದೆ. ಖರ್ಚು ಜಾಸ್ತಿ ಮಾಡಿದವರ ಪತ್ರಿಕೆಗಳೇ ನನಗೆ ಕೆಲಸಕ್ಕೆ ಬಾರದವು. ಸಾದಾ ಹಳದಿ ಕಾರ್ಡು ಹಂಚಿದವರಿಗೆ ಒಳ್ಳೆಯದಾಗಲಿ.

ಗಣಪತಿ ಹಬ್ಬದ ಮಖರಕ್ಕೂ, ಅಂದರೆ ಮೂರ್ತಿ ಕೂರಿಸುವ ಅಲಂಕಾರದ ಮಂಟಪಕ್ಕೂ, ಈಗ ಇದೇ ಕಾಗದ. ಮೊದಲೆಲ್ಲ ಥರ್ಮಾಕೋಲ್ ತರುತ್ತಿದ್ದೆವು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್‌ಗೆ ದೇಶದಲ್ಲೇ ನಿಷೇಧ. ಒಂದಕ್ಕಿಂತ ಒಂದು ಚಿಕ್ಕದಾದ ಕಮಾನು ಕತ್ತರಿಸಿ, ನಡುವೆ ರಟ್ಟಿನ ತುಂಡು ಇಟ್ಟು ಒಂದರ ಹಿಂದೊಂದು ನಿಲ್ಲಿಸಿದರೆ, ಹಿಂದಿನಿಂದ ಲೈಟಿನ ಸರ ಬಿಟ್ಟರೆ ಮುಗೀತು. ಹಬ್ಬ ಆದಮೇಲೆ ಮಡಚಿ ಇಟ್ಟುಬಿಡಬಹುದು.

ಕಷ್ಟ ಇರುವುದು ಅಕ್ಷರದಲ್ಲಿ. ಮಷಿನ್ ಇಂಗ್ಲಿಷ್ ಅಕ್ಷರಗಳನ್ನು ಸಲೀಸಾಗಿ ಕತ್ತರಿಸುತ್ತದೆ. ಕನ್ನಡದಲ್ಲಿ 'ಹುಟ್ಟುಹಬ್ಬದ ಶುಭಾಶಯ' ಅಂತ ಕೊಟ್ಟು ನೋಡಿ. ಹಾಳೆ ಎತ್ತಿದ ಕೂಡಲೇ ಒತ್ತಕ್ಷರಗಳೆಲ್ಲ ಉದುರಿ ಕೆಳಗೆ. ಬಹಳಷ್ಟು ಫಾಂಟ್‌ಗಳಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗುವುದೇ ಇಲ್ಲ. ಓದುವಾಗ ಕಣ್ಣು ಅದನ್ನು ಸೇರಿಸಿಕೊಳ್ಳುತ್ತದೆ, ಬ್ಲೇಡಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅದಕ್ಕೇ ಪರದೆಯ ಮೇಲೆ ಒಂದೊಂದೇ ಒತ್ತನ್ನು ಹಿಡಿದು ಮೇಲಕ್ಕೆ ಎಳೆದು, ತುಸು ತಾಗಿಸಿ, ವೆಲ್ಡ್ ಅನ್ನುವ ಬಟನ್ ಒತ್ತಬೇಕು. ಇಡೀ ಪದ ಒಂದೇ ತುಂಡಾಗುತ್ತದೆ. ಮೇಲೆ ಬಣ್ಣ ಬಳಿಯುವ ಅಚ್ಚು, ಅಂದರೆ ಸ್ಟೆನ್ಸಿಲ್ ಮಾಡುವುದಾದರೆ ಇದರ ಉಲ್ಟಾ ಪಜೀತಿ. ಸೊನ್ನೆಯ ಹೊಟ್ಟೆಯೇ ಉದುರಿಹೋಗಿ ದೊಡ್ಡ ತೂತು ಉಳಿಯುತ್ತದೆ. ಹೊಟ್ಟೆ ನಿಲ್ಲಬೇಕೆಂದರೆ ಪಕ್ಕದಲ್ಲಿ ಸಣ್ಣದೊಂದು ಸೇತುವೆ ಬಿಡಬೇಕು.

ಊರ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನಾನು ಸರಿಯಾಗಿ ನೋಡಿದ್ದು ಈ ಮಷಿನ್ ಬಂದ ಮೇಲೆಯೇ. ಶಾಲೆಯ ಟ್ರಿಪ್ಪಿನಲ್ಲಿ ಹೋದಾಗ ನಮ್ಮ ಲಕ್ಷ್ಯವೆಲ್ಲ ಬುತ್ತಿಯ ಮೇಲಿತ್ತು. ಈ ಊರನ್ನಾಳಿದ ಸುಲ್ತಾನ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹಿಯ ಈ ಗೋರಿ 1627ರ ಸುಮಾರಿಗೆ ಮುಗಿದದ್ದು. ಅಲ್ಲಿಯ ಕಿಟಕಿಗಳಲ್ಲಿ ಕಲ್ಲಿನ ಹಲಗೆಯನ್ನೇ ಆರಪಾರ ಕೊರೆದು ಅರಬ್ಬಿ ಅಕ್ಷರ ನಿಲ್ಲಿಸಿದ್ದಾರೆ. ಅಕ್ಷರದ ಸಂದಿಗಳಲ್ಲಿ ಬೆಳಕು ಒಳಗೆ ಬರುತ್ತದೆ. ಕೆಳಗೆ ನಿಂತು ನಾನು ಹುಡುಕಿದ್ದು ಜೋಡಣೆಗಳನ್ನು. ಒಂದು ಅಕ್ಷರದ ಬಾಲ ಇನ್ನೊಂದರ ಬೆನ್ನು ಹಿಡಿದಿದೆ, ಅದು ಮತ್ತೊಂದನ್ನು. ಕಲ್ಲಲ್ಲಿ ವೆಲ್ಡ್ ಬಟನ್ ಇಲ್ಲ. ಕಡಿದದ್ದನ್ನು ಮತ್ತೆ ಅಂಟಿಸುವಂತೆಯೂ ಇಲ್ಲ. ಯಾವುದನ್ನು ಕಡಿಯಬಾರದು ಅನ್ನುವುದು ಉಳಿ ಇಡುವ ಮೊದಲೇ ಆ ಕೈಗೆ ಗೊತ್ತಿರಬೇಕು. ಪಕ್ಕದಲ್ಲಿದ್ದ ಮಗ, "ಮಮ್ಮಿ, ಕುತ್ತಿಗಿ ನೋವಾಗ್ತೈತಿ, ನಡೀ" ಅಂದ. ಹೊರಟೆವು.

ಈ ಊರಿನಲ್ಲಿ ಮಷಿನ್ ಇಟ್ಟವರಿಗೆ ಶತ್ರುಗಳು ಎರಡು: ಧೂಳು, ಕರೆಂಟು. ಕಾಗದ ಅಲುಗಾಡದಂತೆ ಹಿಡಿಯುವುದು ಅಂಟು ಮೈಯ ಮ್ಯಾಟು. ಬೇಸಿಗೆಯ ಗಾಳಿಗೆ ಒಂದು ಮಧ್ಯಾಹ್ನ ತೆರೆದಿಟ್ಟರೆ ಅದು ಪಾಪಡಿಗೆ ಹಿಟ್ಟು ಸವರಿದಂತೆ ಬೆಳ್ಳಗಾಗಿರುತ್ತದೆ. ಹೊಸದು ತರಬೇಕಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ ಮೆಲ್ಲಗೆ ತಿಕ್ಕಿ ನೆರಳಲ್ಲಿ ಒಣಗಿಸಿದರೆ ಅಂಟು ಮರಳುತ್ತದೆ. ಕರೆಂಟಿಗೆ ಮದ್ದಿಲ್ಲ. ನವಿಲಿನ ಅರ್ಧಕ್ಕೆ ಹೋಯಿತೆಂದರೆ ಎಲ್ಲಿ ನಿಂತಿದ್ದೆ ಅನ್ನುವುದು ಮಷಿನ್‌ಗೆ ಮರೆತೇ ಹೋಗುತ್ತದೆ.

ಸಂಕ್ರಾಂತಿಗೆ ಈ ಸಲ ಕುಸುರೆಳ್ಳು ಹಂಚಲು ಪತ್ರಿಕೆಗಳಿಂದಲೇ ಸಣ್ಣ ಡಬ್ಬಿ ಮಾಡಿದೆ. ಮಡಿಕೆಯ ಗೆರೆಯನ್ನೂ ಮಷಿನ್ನೇ ಹಾಕಿಕೊಡುತ್ತದೆ, ಗೋಂದು ಹಚ್ಚಿದರಾಯಿತು. ಬಣ್ಣದ ಮೈ ಹೊರಗೆ, ಅಚ್ಚಾದ ಮೈ ಒಳಗೆ. ಎದುರುಮನೆ ಕಾಕು ಎಳ್ಳು ಬಾಯಿಗೆ ಹಾಕಿಕೊಂಡು ಡಬ್ಬಿಯೊಳಗೆ ಇಣುಕಿದರು. ಕನ್ನಡಕ ಹಾಕಿಕೊಂಡು ಮತ್ತೆ ಇಣುಕಿದರು.

"ಯವ್ವಾ, ಇದು ನಮ್ಮ ಹುಡುಗನ ಲಗ್ನದ್ದಲ್ಲೇನು?"

ಅವರದೇ. 'ಚಿ. ರಾ.' ಅಂತ ಒಂದು ಮಗ್ಗುಲಲ್ಲಿ ನೆಟ್ಟಗೆ ಕೂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿ ಒಂದು ಕೈಚೀಲ ತಂದು ನನ್ನ ಮುಂದೆ ಸುರುವಿದರು. ಹತ್ತು ವರ್ಷದ ಲಗ್ನಪತ್ರಿಕೆ.

"ಸೊಸಿದು ಕುಬಸ ಐತಿ. ಇಂಥಾವ ನೂರು ಡಬ್ಬಿ ಮಾಡಿಕೊಡು. ಬೀಗರ ಪತ್ರಿಕಿ ಮಾತ್ರ ಮುಟ್ಟಬ್ಯಾಡ, ಅವರೂ ಬರತಾರ."