ದುಡಿಮೆ ಇದೆ, ಮಾತಿಗೆ ಬೆಲೆ ಇಲ್ಲ

ಹಳ್ಳಿ ಹುಡುಗರಿಗೆ ಮೈ ಬಗ್ಗಿಸಿ ದುಡಿಯೋಕೆ ಇಷ್ಟವಿಲ್ಲ, ಅದಕ್ಕೇ ಊರು ಬಿಡುತ್ತಾರೆ ಅಂತ ಈಚೆಗೆ ಓದಿದ ಲೇಖನವೊಂದರಲ್ಲಿದೆ. ಸುಮ್ನೆ ಹೇಳೋ ಮಾತಿದು. ಅವರು ದುಡಿಮೆಗೆ ಇಳಿಯುವುದೇ ಬೇಗ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಮತ್ತು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನ 2020ರ ಅಂದಾಜಿನಂತೆ ಜಗತ್ತಿನಲ್ಲಿ 16 ಕೋಟಿ ಬಾಲಕಾರ್ಮಿಕರು, ಅವರಲ್ಲಿ ಶೇ 70ರಷ್ಟು ಕೃಷಿಯಲ್ಲೇ. ಜಾಸ್ತಿ ಜನ ಮನೆಯವರ ಜೊತೆ, ಸಂಬಳವಿಲ್ಲದೆ.

ಕಷ್ಟ ಶುರುವಾಗೋದು ಬೆಳೆದ ಮೇಲೆ. ಜಮೀನು ಅಪ್ಪನ ಹೆಸರಲ್ಲಿ, ಹಾಗಾಗಿ ಸಾಲ ಹುಟ್ಟಲ್ಲ. ಯಾವ ಬೀಜ ಬಿತ್ತಬೇಕು, ಫಸಲು ಯಾವಾಗ ಮಾರಬೇಕು, ಎಲ್ಲಾ ಹಿರಿಯರೇ ತೀರ್ಮಾನಿಸುತ್ತಾರೆ. ದಿನವಿಡೀ ಹೊಲದಲ್ಲಿದ್ದವನು ಮೊಬೈಲ್ ರೀಚಾರ್ಜ್‌ಗೂ ಕೈ ಚಾಚಬೇಕು. ಪಟ್ಟಣದ ಸಂಬಳ ಕಡಿಮೆಯೇ ಇರಲಿ, ಅವನ ಕೈಗೇ ಬರುತ್ತದಲ್ವಾ? ಹುಡುಗಿಯರ ಪಾಡಂತೂ ಕೇಳಲೇಬೇಡಿ. ಮದುವೆಯಾದ ಮೇಲೂ ಅದೇ ಕೆಲಸ, ಹೊಲ ಮಾತ್ರ ಬೇರೆಯವರದು.