ಸಂಪಿನ ಮುಚ್ಚಳ ಮತ್ತು ಬಾಡಿಗೆದಾರರ ಕುಲಗೋತ್ರ

ಹುಬ್ಬಳ್ಳಿಯ ಯಾವ ಓಣಿ ಹೊಕ್ಕರೂ ಗೇಟಿಗೆ ತೂಗುಬಿಟ್ಟ ರಟ್ಟಿನ ಮೇಲೆ ಒಂದು ಸಾಲು ಇದ್ದೇ ಇರುತ್ತದೆ: ‘ಮನೆ ಬಾಡಿಗೆಗಿದೆ. 24 ತಾಸು ನೀರು.’ ಇದರಲ್ಲಿ ಸುಳ್ಳೇನೂ ಇಲ್ಲ. ಟಾಕಿಯಲ್ಲಿ ನೀರಿದ್ದಾಗ 24 ತಾಸೂ ಬರುತ್ತದೆ, ಇಲ್ಲದಾಗ 24 ತಾಸೂ ಬರುವುದಿಲ್ಲ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ನಿರಂತರ ನೀರು ಶುರುವಾದಾಗಿನಿಂದ ಆ ಮಾತಿಗೆ ಬಿರುದಿನ ಮರ್ಯಾದೆ ಬಂದುಬಿಟ್ಟಿದೆ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯವರೂ ಅದನ್ನೇ ಗೇಟಿಗೆ ಕಟ್ಟಿಕೊಂಡಿದ್ದಾರೆ.

ಗಂಟೆ ಒತ್ತಿದಿರೋ, ಸಂದರ್ಶನ ಶುರು. ‘ನೌಕ್ರಿ ಎಲ್ಲೆ?’ ‘ಮೂಲ ಊರು ಯಾವ್ದ್ರಿ?’ ‘ಮನ್ಯಾಗ ಎಷ್ಟ್ ಮಂದಿ?’ ‘ಬಂದು ಹೋಗೋರು ಭಾಳೇನು?’ ಇಷ್ಟೂ ಪೀಠಿಕೆ. ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದು ಐದನೆಯ ಪ್ರಶ್ನೆಗೆ: ‘ತಪ್ಪ ತಿಳ್ಕೋಬ್ಯಾಡ್ರಿ, ನೀವು ಯಾವ ಪೈಕಿ?’ ಉತ್ತರ ಹೊಂದಿಕೆಯಾಗದಿದ್ದರೆ ಪುಣೆಯಲ್ಲಿರುವ ಮಗಳು ಆ ಕ್ಷಣದಲ್ಲೇ ಊರಿಗೆ ಹೊರಡುತ್ತಾಳೆ. ‘ಮಗಳು ಬರಾಕತ್ತಾಳ್ರಿ, ಮನಿ ನಮಗ ಬೇಕಾಗೇತಿ.’ ಮಗಳು ಬರುವುದಿಲ್ಲ, ರಟ್ಟೂ ಇಳಿಯುವುದಿಲ್ಲ. ಹೊಂದಿಕೆಯಾದರೂ ಮುಂದೆ ಮೊಟ್ಟಿ ಇದೆ, ಮಾಂಸವಿದೆ, ಕೆಲವು ಕಡೆ ಉಳ್ಳಾಗಡ್ಡಿ-ಬಳ್ಳೊಳ್ಳಿಯ ತನಕ ತನಿಖೆ ಹೋಗುತ್ತದೆ. ಧಾರವಾಡದ ಸಪ್ತಾಪುರದ ಕಡೆ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರ ಪಾಡು ಇನ್ನೊಂದು ನಮೂನೆ. ನಾಳೆ ತಹಶೀಲ್ದಾರರಾಗಿ ಬಂದರೆ ಇದೇ ಮಾಲಕರು ಹಾರ ಹಿಡಿದು ನಿಲ್ಲುತ್ತಾರೆ. ಇವತ್ತು ಮಾತ್ರ ರಾತ್ರಿ 9ಕ್ಕೆ ಗೇಟಿಗೆ ಕೀಲಿ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಬಾಡಿಗೆದಾರರೂ ಒಂದು ಪ್ರಶ್ನೆ ಕೇಳಬಹುದು. ‘ಸಂಪಿನ ಮುಚ್ಚಳ ತೆಗೀತೀರೇನ್ರಿ?’ ಮಾಲಕರ ಮುಖ ನೋಡಬೇಕು ಆವಾಗ. ನಿಮ್ಮ ಏಳು ತಲೆಮಾರು ಕೆದಕಿದವರಿಗೆ ತಮ್ಮ ಸಂಪು ಮಾತ್ರ ಖಾಸಗಿ ವಿಷಯ. ಆದರೂ ತೆಗೆಸಬೇಕು, ಮನೆಯ ನಿಜವಾದ ಕುಂಡಲಿ ಇರುವುದು ಅಲ್ಲೇ. ಲೆಕ್ಕ ಸರಳ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರದ ಅಳತೆ. ನಾಲ್ಕು ಜನಕ್ಕೆ 540. ಎಂಟು ದಿನಕ್ಕೊಮ್ಮೆ ನಳ ಬಂದರೆ 4,320 ಲೀಟರ್ ಕೂಡಿಡಬೇಕು. ‘6 ಅಡಿ, 5 ಅಡಿ, 5 ಅಡಿ ಸಂಪು ಐತ್ರಿ, ಕೆರಿ ಇದ್ದಂಗ’ ಎನ್ನುತ್ತಾರೆ ಮಾಲಕರು. ಗುಣಿಸಿದರೆ 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ 4,245. ಕೆರೆಯಲ್ಲಿ ಆಗಲೇ 75 ಲೀಟರ್ ಖೋತಾ. ಅಷ್ಟಕ್ಕೇ ಮುಗಿಯಲಿಲ್ಲ. ಒಳಬರುವ ಪೈಪಿನ ಮಟ್ಟಕ್ಕಿಂತ ಮೇಲೆ ನೀರು ಏರದು, ಅಲ್ಲಿ ಅರ್ಧ ಅಡಿ ಹೋಯಿತು. ತಳದ ಅರ್ಧ ಅಡಿ ಮೋಟರ್ ಪೈಪಿನ ತುದಿಯ ಫುಟ್‌ವಾಲ್ವಿಗೆ ನಿಲುಕದು, ಅಲ್ಲಿರುವುದು ಬರೀ ರಾಡಿ. ಕೈಗೆ ಸಿಗುವುದು 3,400 ಲೀಟರ್ ಮಾತ್ರ. ಅದೇ ಸಂಪಿಗೆ ಕೆಳಗಿನ ಮಾಲಕರು, ಮೇಲಿನ ನೀವು ಎರಡೂ ಮನೆಯವರು ಬಾಯಿ ಹಾಕಿದರೆ ಮೂರು ದಿನದಲ್ಲಿ ತಳ ಕಾಣುತ್ತದೆ. ಉಳಿದ ಐದು ದಿನ ಟ್ಯಾಂಕರಿಗೆ ಫೋನು. ಟ್ಯಾಂಕರಿನ ದುಡ್ಡು ಯಾರದೆಂದು ಮೊದಲೇ ಕೇಳಿಡಿ, ಬೇಸಿಗೆಯಲ್ಲಿ ಈ ಪ್ರಶ್ನೆ ಜಗಳದ ರೂಪದಲ್ಲೇ ಬರುವುದು. ಇನ್ನು ಕೆಲವು ಮನೆಗಳಲ್ಲಿ ಮುಚ್ಚಳ ತೆಗೆಯುವ ಮಾತೇ ಇಲ್ಲ: ‘ಅದರ ಮ್ಯಾಲ ತುಳಸಿಕಟ್ಟಿ ಕಟ್ಟೇವ್ರಿ.’ ಹತ್ತು ವರ್ಷದ ರಾಡಿಗೆ ದಿನಾ ಸಂಜೆ ದೀಪ.

ಮೋಟರಿನ ಕಥೆ ಇದಕ್ಕಿಂತ ಚೊಲೋ. ಮೋಟರ್ ಸಂಪಿನ ಹತ್ತಿರ, ಟಾಕಿ ನಿಮ್ಮ ತಲೆಯ ಮೇಲೆ, ಸ್ವಿಚ್ಚು ಮಾತ್ರ ಮಾಲಕರ ಅಡುಗೆಮನೆಯಲ್ಲಿ. ಅವರು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಒಂದು ರಾತ್ರಿ ಉಳಿದರೆ ನಿಮ್ಮ ಮನೆಯಲ್ಲಿ ಬರಗಾಲ. ಹುಬ್ಬಳ್ಳಿಗೆ ಮಲಪ್ರಭೆಯ ನೀರು ಬರುವುದೂ ಸವದತ್ತಿ ಕಡೆಯಿಂದಲೇ, ಮಾಲಕರೂ ನೀರೂ ಒಂದೇ ದಾರಿ ಹಿಡಿದಂತಾಯಿತು. ಸ್ವಿಚ್ಚು ಅವರದಾದ ಮಾತ್ರಕ್ಕೆ ಕರೆಂಟೂ ಅವರದೇ ಎಂದು ಭಾವಿಸಬೇಡಿ. ಪರೀಕ್ಷೆ ಹೀಗೆ: ನಿಮ್ಮ ಮನೆಯ ಮೇನ್ ಸ್ವಿಚ್ ಆರಿಸಿ, ಕೆಳಗೆ ಮೋಟರ್ ಹಾಕಲು ಹೇಳಿ. ಓಡಿದರೆ ಅದು ಅವರ ಮೀಟರಿನದು. ಓಡದಿದ್ದರೆ ಎರಡೂ ಮನೆಯ ಸ್ನಾನ, ಅವರ ಕಾರು ತೊಳೆಯುವುದು, ಅಂಗಳಕ್ಕೆ ಥಳಿ ಹೊಡೆಯುವುದು ಎಲ್ಲಾ ನಿಮ್ಮ ಲೆಕ್ಕಕ್ಕೆ. 1 ಎಚ್‌ಪಿ ಮೋಟರ್ ಒಂದು ತಾಸಿಗೆ ಹತ್ತಿರಹತ್ತಿರ ಒಂದು ಯೂನಿಟ್ ನುಂಗುತ್ತದೆ.

ಸರಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಲೆಕ್ಕಕ್ಕೆ ಹೊಸ ರುಚಿ ಹತ್ತಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. 200ರ ಒಳಗಿದ್ದರೂ ನಿಮ್ಮ ಪಾಲಿಗೆ ಗೊತ್ತುಪಡಿಸಿದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ದುಡ್ಡು. ಹಿಂದಿನ ಬಾಡಿಗೆದಾರರ ಆಧಾರ್ ಅದೇ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆಗೆ) ಅಂಟಿಕೊಂಡಿದ್ದರೆ ಮೊದಲು ಅದನ್ನು ಸರಕಾರದ ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ನಿಮ್ಮದನ್ನು ಜೋಡಿಸಬೇಕು. ಆದ್ದರಿಂದ ಮನೆ ಬಿಡುವವರ ಫೋನ್ ನಂಬರ್ ಇಸಿದುಕೊಳ್ಳುವುದು ಕೀಲಿಕೈ ಇಸಿದುಕೊಂಡಷ್ಟೇ ಮುಖ್ಯ. ಮನೆಗೆ ಬೇರೆ ಮೀಟರೇ ಇಲ್ಲವೆನ್ನಿ, ಒಳಗೊಂದು ಸಬ್‌ಮೀಟರ್ ಕೂಡಿಸಿ ಯೂನಿಟಿಗೆ ಇಷ್ಟೆಂದು ವಸೂಲಿ ನಡೆದಿರುತ್ತದೆ. ಕರೆಂಟ್ ಕಂಪನಿ ಹೆಸ್ಕಾಂನಿಂದ ಸೊನ್ನೆ ಬಿಲ್ಲು, ಮಾಲಕರಿಂದ ಎಂಟುನೂರರ ಚೀಟಿ. ಹೆಸ್ಕಾಂನ ಮುಖ್ಯ ಕಚೇರಿ ಇದೇ ಊರಿನಲ್ಲಿದೆ ಎಂಬುದು ಸಮಾಧಾನದ ಮಾತು, ಅಷ್ಟೇ.

ಗೋಡೆ ನೋಡುವಾಗ ಬಣ್ಣಕ್ಕೆ ಮರುಳಾಗಬಾರದು. ನಾಲ್ಕು ಗೋಡೆಯಲ್ಲಿ ಮೂರು ಮಾಸಿದ್ದು ಒಂದಕ್ಕೆ ಮಾತ್ರ ಹೊಸ ಪುಟ್ಟಿ ಬಳಿದಿದ್ದರೆ ಒಳಗೆ ಏನೋ ಮಲಗಿದೆ ಎಂದೇ ಅರ್ಥ. ಹುಬ್ಬಳ್ಳಿಯ ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುವ ಜಾತಿಯದು. ಬುನಾದಿ ಆಳವಿಲ್ಲದ ಮನೆ ಅದರೊಡನೆ ಏರಿ ಇಳಿದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ರೂಪಾಯಿ ನಾಣ್ಯ ತೂರಿದರೆ ಬಾಡಿಗೆ ಚೌಕಾಸಿ ಬಿಟ್ಟು ಮುಂದಿನ ಓಣಿ ಹಿಡಿಯಿರಿ. ಧಾರವಾಡದ ಹಳೆಯ ಹಂಚಿನ ಮನೆಯಲ್ಲಿ ಮೇಲೆ ನೋಡಿ, ಜಂತಿಯ ಮೇಲೆ ಚಹಾ ಬಣ್ಣದ ಕಲೆಗಳಿದ್ದರೆ ಅವು ಹಿಂದಿನ ಮಳೆಗಾಲದ ದಾಖಲೆ.

ಇನ್ನು ಕರಾರುಪತ್ರ. ಪಂಚಾಂಗದಲ್ಲಿ ವರ್ಷಕ್ಕೆ 12 ತಿಂಗಳು, ಕರಾರಿನಲ್ಲಿ 11. ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಾಯಿಸಬೇಕು. ಆ ಕಚೇರಿಯ ಮೆಟ್ಟಿಲು ಹತ್ತುವುದು ಬ್ಯಾಡ ಅಂತ ಒಂದು ತಿಂಗಳನ್ನೇ ಕ್ಯಾಲೆಂಡರಿನಿಂದ ಹರಿದು ಹಾಕಿದ್ದಾರೆ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿರುವುದು ಒಂದೇ ಕರಾರು. ಮೇಲೆ ನಿಮ್ಮ ಹೆಸರು, ಏಳನೇ ಷರತ್ತಿನಲ್ಲಿ ಇನ್ಯಾರದೋ ಹೆಸರು, ಸಹಿ ಮಾತ್ರ ನಿಮ್ಮದು. ಕಾಯ್ದೆ ಕಾಪಾಡುತ್ತದೆ ಎನ್ನುವವರಿಗೆ ಒಂದು ಮಾತು: 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳ ತಂಟೆಗೇ ಹೋಗುವುದಿಲ್ಲ. ವಿದ್ಯಾನಗರದಲ್ಲೋ ಕೇಶ್ವಾಪುರದಲ್ಲೋ ಆ ದುಡ್ಡಿಗೆ ಮನೆ ಕೇಳಿ ನೋಡಿ, ಸ್ಕೂಟರ್ ನಿಲ್ಲಿಸುವ ಜಾಗ ತೋರಿಸಿಯಾರು. ಮನೆ ಬಿಡುವಾಗ ‘ಪೇಂಟಿಂಗಿಗೆ’ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದಂತೂ ಶಾಸ್ತ್ರವೇ ಆಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಸಹಜ ಸವಕಳಿಯ ಹೊಣೆ ಬಾಡಿಗೆದಾರರದಲ್ಲ ಎನ್ನುತ್ತದೆ. ಕರಾರಿನಲ್ಲಿ ಪೇಂಟಿಂಗಿನ ಷರತ್ತು ಇದ್ದರೆ ಸಹಿಗೆ ಮೊದಲೇ ಹೊಡೆದು ಹಾಕಿಸಿ. ಒಳಹೋಗುವ ದಿನ ಪ್ರತಿ ಗೋಡೆ, ಪ್ರತಿ ನಳ, ಪ್ರತಿ ಮೊಳೆಯ ಫೋಟೋ ತೆಗೆದು ಮಾಲಕರಿಗೇ ವಾಟ್ಸಾಪ್ ಮಾಡಿ. ಅವರು ಅದಕ್ಕೆ ಕೈಮುಗಿದ ಚಿತ್ರ ಕಳಿಸುತ್ತಾರೆ, ಅದೇ ರಸೀದಿ.

ಮುಹೂರ್ತದ ಮಾತು. ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆಯವರೆಗೆ ಆಷಾಢ, ಮನೆ ಬದಲಿಸುವಂತಿಲ್ಲ. ಹಾಗೆಂದು ಮಾಲಕರು ಆಷಾಢದಲ್ಲಿ ಬಾಡಿಗೆ ಬಿಡುತ್ತಾರೆಯೇ? ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲೇ ಹಾಲು ಉಕ್ಕಿಸಿ, ಪಾತ್ರೆ ಅಲ್ಲೇ ಬಿಟ್ಟು, ಕೀಲಿ ಹಾಕಿ ಬರುವ ಕುಟುಂಬಗಳಿವೆ. ಒಂದು ತಿಂಗಳು ಪೂರ್ತಿ ಆ ಪಾತ್ರೆ ಎರಡು ಬೆಡ್‌ರೂಮಿನ ಮನೆಯಲ್ಲಿ ಹತ್ತು ಸಾವಿರ ಬಾಡಿಗೆ ಕೊಟ್ಟುಕೊಂಡು ಒಂಟಿಯಾಗಿ ಇರುತ್ತದೆ. ಅದನ್ನು ಯಾರೂ ಯಾವ ಪೈಕಿ ಎಂದು ಕೇಳಿದ್ದಿಲ್ಲ. ಚೌಕಾಸಿಗೆ ಮಾತ್ರ ಆಷಾಢದಂಥ ತಿಂಗಳಿಲ್ಲ. ಗಿರಾಕಿ ಇಲ್ಲ, ಹಮಾಲರು ಖಾಲಿ, ಏಜೆಂಟರೂ ಫೋನ್ ಎತ್ತುತ್ತಾರೆ.

ಸಾಮಾನು ಸಾಗಿಸುವ ದಿನ ಫ್ರಿಜ್ಜನ್ನು ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಮಲಗಿಸಲೇಬೇಕಾಯಿತೆಂದರೆ ಇಳಿಸಿದ ಮೇಲೆ ರಾತ್ರಿಯಿಡೀ ನಿಲ್ಲಿಸಿಟ್ಟು, ಮರುದಿನ ಸ್ವಿಚ್ ಹಾಕಿ. ತಿಜೋರಿ, ಅಂದರೆ ಅರಿವೆ ಇಡುವ ಕಬ್ಬಿಣದ ಕಪಾಟು, ಮಾತ್ರ ಬೇರೆಯೇ ಪುರಾಣ. 78 ಇಂಚು ಎತ್ತರ, 36 ಅಗಲ, 19 ಆಳ. ಮೂಲೆಯಿಂದ ಮೂಲೆಗೆ 41 ಇಂಚು. ಮಾಲಕರು ಜಾಗ ಉಳಿಸಲು ಹೊರಗಡೆ ಕಟ್ಟಿಸಿದ ಜೀನೆಯ (ಮೆಟ್ಟಿಲಿನ) ಅಗಲ 30 ಇಂಚು, ತಿರುವಿನಲ್ಲಿ 36. ಐದು ಇಂಚಿನ ಈ ವ್ಯತ್ಯಾಸವನ್ನು ಹಮಾಲರು ಮೊದಲು ಬೈಗುಳದಿಂದ, ಆಮೇಲೆ ಹಗ್ಗದಿಂದ ಬಗೆಹರಿಸುತ್ತಾರೆ. ಬಾಲ್ಕನಿಯ ಮೇಲಿಂದ ಎಳೆದುಕೊಂಡು ತಿಜೋರಿ ಒಳಗೆ ಬರುತ್ತದೆ. ಆರು ತಿಂಗಳಿಗೆ ಮಂಗ್ಯಾಗಳ ಕಾಟಕ್ಕೆ ಮಾಲಕರು ಬಾಲ್ಕನಿಗೆ ಗ್ರಿಲ್ ಬೆಸೆಸುತ್ತಾರೆ. 11 ತಿಂಗಳಿಗೆ ಬಾಡಿಗೆದಾರರು ಮನೆ ಬಿಡುತ್ತಾರೆ, ತಿಜೋರಿ ಬಿಡುವುದಿಲ್ಲ. ಮರುದಿನ ಗೇಟಿನ ರಟ್ಟಿನ ಮೇಲೆ ‘24 ತಾಸು ನೀರು’ ಕೆಳಗೆ ಹೊಸ ಸಾಲು: ‘ಸೆಮಿ ಫರ್ನಿಶ್ಡ್’. ಬಾಡಿಗೆ ಐದುನೂರು ಜಾಸ್ತಿ.